ಹದಿನಾರರ ಹುಡುಗ ನಗಿಸಿದಾಗ

(ಸಾಗರದಲ್ಲಿ ಮಕ್ಕಳ ಬೇಸಿಗೆ ರಂಗಶಿಬಿರದ ಕೊನೆಯ ದಿನ ಮಕ್ಕಳು ಮತ್ತು ಪೋಷಕರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಕ್ಕಳು ಮುಂದೆ ಜಮಖಾನದ ಮೇಲೆ ಕೂತಿದ್ದೀರಿ. ಅಪ್ಪ ಅಮ್ಮಂದಿರು ಹಿಂದೆ ಕುರ್ಚಿಯಲ್ಲಿದ್ದೀರಿ. ಇವತ್ತಿನ ಮಾತು ಇಬ್ಬರಿಗೂ ಸೇರಿದ್ದು.

ಹೋದ ವರ್ಷ ಇದೇ ಶಿಬಿರದಲ್ಲಿ ಒಬ್ಬ ಹುಡುಗನಿದ್ದ. ಒಂಬತ್ತನೇ ಕ್ಲಾಸು. ಕೊನೆಯ ದಿನ ಏಳು ನಿಮಿಷ ಒಬ್ಬನೇ ನಿಂತು ನಗಿಸಿದ. ಬಸ್ ಕಂಡಕ್ಟರ್ ಟಿಕೆಟ್ ಕೊಡುವುದು, ಮದುವೆ ಮನೆಯಲ್ಲಿ ಬಡಿಸುವವರ ಗಡಿಬಿಡಿ, ತನ್ನ ಅಜ್ಜಿ ಫೋನಿನಲ್ಲಿ ಮಾತಾಡುವ ರೀತಿ, ಎಲ್ಲ ಮಾಡಿ ತೋರಿಸಿದ. ಸಭೆ ಬಿದ್ದು ಬಿದ್ದು ನಕ್ಕಿತು. ಯಾರೋ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿನಲ್ಲಿ ಹಂಚಿದರು. ವಾರದೊಳಗೆ ಊರೆಲ್ಲ ನೋಡಿತು. ಒಂದಿಷ್ಟು ಜನ ‘ಈ ವಯಸ್ಸಿಗೇ ಎಂಥಾ ಪ್ರತಿಭೆ ನೋಡಿ’ ಅಂದರು. ಇನ್ನೊಂದಿಷ್ಟು ಜನ ‘ಮೀಸೆ ಚಿಗುರಿಲ್ಲ, ಆಗಲೇ ದೊಡ್ಡವರನ್ನು ಅಣಕಿಸುತ್ತಾನೆ’ ಅಂದರು. ಇಬ್ಬರೂ ಮಾತಾಡಿದ್ದು ಅವನ ವಯಸ್ಸಿನ ಬಗ್ಗೆ. ಆ ಏಳು ನಿಮಿಷದಲ್ಲಿ ಯಾವುದು ಚೆನ್ನಾಗಿತ್ತು, ಯಾವುದು ಎಳೆದ ಹಾಗಿತ್ತು, ಯಾವುದು ಯಾರಿಗೆ ನೋವು ಮಾಡಿತು ಅಂತ ಒಬ್ಬರೂ ಅವನಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಈ ವರ್ಷ ಅವನು ಶಿಬಿರಕ್ಕೆ ಹೆಸರು ಕೊಡಲಿಲ್ಲ.

ಅವನು ಬರಲಿಲ್ಲ ಅಂತ ಗೊತ್ತಾದ ದಿನದಿಂದ ನನಗೆ ಇನ್ನೊಬ್ಬ ಹುಡುಗನ ಕಥೆ ಪದೇ ಪದೇ ನೆನಪಾಗುತ್ತಿದೆ. ಅವನು ಬಹಳ ದೂರದವನು. ಅವನ ಹೆಸರು ಬೋ ಬರ್ನಮ್, ಅಮೆರಿಕದ ಹಾಸ್ಯಗಾರ.

2006ರ ಡಿಸೆಂಬರ್. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಹ್ಯಾಮಿಲ್ಟನ್ ಅಂತ ಒಂದು ಸಣ್ಣ ಊರು. ಅಪ್ಪನದು ಕಟ್ಟಡ ಕಟ್ಟಿಸುವ ಕೆಲಸ. ಅಮ್ಮ ನರ್ಸ್; ಬದುಕಿನ ಕೊನೆಯ ದಿನಗಳಲ್ಲಿರುವ ರೋಗಿಗಳನ್ನು ನೋಡಿಕೊಳ್ಳುವವರು. ಮೂರು ಮಕ್ಕಳಲ್ಲಿ ಬೋ ಕೊನೆಯವನು. ವಯಸ್ಸು 16. ಗಂಡು ಮಕ್ಕಳ ಕ್ಯಾಥೊಲಿಕ್ ಶಾಲೆಯೊಂದರಲ್ಲಿ ಓದುತ್ತಿದ್ದ, ಶಾಲೆಯ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದ. ಅಣ್ಣ ಕಾಲೇಜು ಓದಲು ಬೇರೆ ಊರಿಗೆ ಹೋಗಿದ್ದ. ತಾನು ಕಟ್ಟಿದ ತಮಾಷೆ ಹಾಡುಗಳನ್ನು ಅಣ್ಣನಿಗೆ ತೋರಿಸಬೇಕು ಅಂತ ಹುಡುಗನಿಗೆ ಆಸೆ. ತನ್ನ ಕೋಣೆಯಲ್ಲೇ ಕ್ಯಾಮೆರಾ ಇಟ್ಟ. ಕೀಬೋರ್ಡ್ ಮುಂದೆ ಕೂತು ಹಾಡಿದ. ಯೂಟ್ಯೂಬಿಗೆ ಹಾಕಿದ. ಆಗ ಯೂಟ್ಯೂಬಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅದರಿಂದ ಹೆಸರು ಬರುತ್ತದೆ, ದುಡ್ಡು ಬರುತ್ತದೆ ಅಂತ ಹೆಚ್ಚಿನವರ ತಲೆಯಲ್ಲಿ ಇರದಿದ್ದ ಕಾಲ.

ಹಾಡಿನ ವಿಷಯ ಇಷ್ಟೇ: ನಮ್ಮ ಮನೆಯವರೆಲ್ಲ ನನ್ನನ್ನು ಗೇ ಅಂದುಕೊಂಡಿದ್ದಾರೆ. ಅಣ್ಣ ನೋಡಿದ, ಅಣ್ಣನ ಗೆಳೆಯರು ನೋಡಿದರು. ತಮಾಷೆ ವಿಡಿಯೋಗಳ ಸೈಟೊಂದು ಅದನ್ನು ಎತ್ತಿಕೊಂಡಿತು. ಆಮೇಲೆ ಲಕ್ಷಗಟ್ಟಲೆ ಜನ ನೋಡಿದರು. ಹುಡುಗ ಇನ್ನಷ್ಟು ಹಾಡು ಕಟ್ಟಿದ. ಜನಾಂಗ, ಧರ್ಮ, ಹುಡುಗ ಹುಡುಗಿ, ಗಣಿತದ ಪಾಠ, ಯಾವುದನ್ನೂ ಬಿಡಲಿಲ್ಲ.

ಅವನ ಹಾಡಿನ ಬಲ ಎಲ್ಲಿದೆ ಅಂತ ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಶ್ಲೇಷೆಯಲ್ಲಿದೆ. ಕನ್ನಡದಲ್ಲಿ ‘ಅರಸು’ ಅಂದರೆ ರಾಜ, ‘ಅರಸು’ ಅಂದರೆ ಹುಡುಕು. ಒಂದೇ ಶಬ್ದ, ಎರಡು ಅರ್ಥ. ಇಂಥದ್ದನ್ನು ಸಾಮಾನ್ಯ ಹಾಸ್ಯಗಾರ ಒಂದು ಕಾರ್ಯಕ್ರಮದಲ್ಲಿ ನಾಲ್ಕೈದು ಸಲ ಬಳಸಬಹುದು. ಈ ಹುಡುಗ ಸಾಲು ಸಾಲಿಗೂ ಒಂದು ಇಟ್ಟ. ನೀವು ಮೊದಲನೆಯದಕ್ಕೆ ನಗುವಷ್ಟರಲ್ಲಿ ಎರಡನೆಯದು ಹೋಗಿರುತ್ತದೆ. ಮತ್ತೆ ಮತ್ತೆ ನೋಡಿದರೆ ಮಾತ್ರ ಎಲ್ಲ ಸಿಗುತ್ತದೆ. ಯೂಟ್ಯೂಬಿನಲ್ಲಿ ಮತ್ತೆ ಮತ್ತೆ ನೋಡಬಹುದು ಅಲ್ವಾ? ಹಿಂದಿನ ಹಾಸ್ಯಗಾರರಿಗೆ ಆ ಅನುಕೂಲ ಇಷ್ಟು ಸುಲಭವಾಗಿ ಇರಲಿಲ್ಲ. ವೇದಿಕೆಯಲ್ಲಿ ತಪ್ಪಿಹೋದ ಮಾತು ತಪ್ಪಿಹೋಯಿತು. ಇವನು ಕಟ್ಟಿದ್ದು ಹಿಂದಕ್ಕೆ ಓಡಿಸಿ ನೋಡಬಹುದಾದ ಹಾಸ್ಯ. ಹದಿನಾರನೇ ವಯಸ್ಸಿಗೆ ಅದನ್ನು ಕಂಡುಕೊಂಡಿದ್ದು ದೊಡ್ಡ ವಿಷಯ ಅಂತ ನಾನು ಪ್ರಾಮಾಣಿಕವಾಗಿ ನಂಬುತ್ತೇನೆ.

ಆದರೆ ಇದರಲ್ಲೇ ಒಂದು ತೊಡಕೂ ಇತ್ತು. ಅಮೆರಿಕದಲ್ಲಿ ಸ್ಟ್ಯಾಂಡಪ್, ಅಂದರೆ ಮೈಕ್ ಮುಂದೆ ಒಬ್ಬನೇ ನಿಂತು ನಗಿಸುವುದನ್ನು, ಕಲಿಯುವ ದಾರಿ ಬೇರೆ. ರಾತ್ರಿ ಕ್ಲಬ್ಬಿಗೆ ಹೋಗಿ ಹೆಸರು ಬರೆಸಬೇಕು. ಯಾರು ಬೇಕಾದರೂ ಹತ್ತಬಹುದಾದ ‘ಓಪನ್ ಮೈಕ್’ ವೇದಿಕೆಯಲ್ಲಿ ಐದು ನಿಮಿಷ ಸಿಗುತ್ತದೆ. ಮುಂದೆ ಇಪ್ಪತ್ತು ಜನ, ಅರ್ಧ ಜನ ಕುಡಿದಿರುತ್ತಾರೆ. ಯಾರೂ ನಗುವುದಿಲ್ಲ. ಮರುದಿನ ಅದೇ ಜೋಕಿನಲ್ಲಿ ಒಂದು ಶಬ್ದ ಬದಲಿಸಿ ಮತ್ತೆ ಹೋಗಬೇಕು. ಹೀಗೆ ವರ್ಷಗಟ್ಟಲೆ ಸೋತು ಸೋತು, ತನ್ನ ದನಿ ಯಾವುದು ಅಂತ ಗೊತ್ತಾಗಲು ಹತ್ತು ವರ್ಷ ಬೇಕು ಅಂತ ಆ ಕಸುಬಿನವರು ಹೇಳುತ್ತಾರೆ.

ನಮ್ಮ ಯಕ್ಷಗಾನದಲ್ಲೂ ಹಾಗೇ ಅಲ್ವಾ? ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿ ವೇಷ ಕಟ್ಟುತ್ತಾನೆ. ಆಮೇಲೆ ಬಾಲಗೋಪಾಲ. ಆಮೇಲೆ ಸಣ್ಣಪುಟ್ಟ ವೇಷ. ಹಾಸ್ಯಗಾರನ ಸ್ಥಾನ ಸುಲಭಕ್ಕೆ ಸಿಗುವುದಿಲ್ಲ. ಪ್ರಸಂಗ ಪೂರ್ತಿ ಗೊತ್ತಿರಬೇಕು. ಭಾಗವತರ ಪದ ಗೊತ್ತಿರಬೇಕು. ಎದುರು ವೇಷದವನು ಮಾತು ತಪ್ಪಿದರೆ ಅದನ್ನು ಹಿಡಿದು ನಗೆ ಮಾಡಿ ಕಥೆಯನ್ನು ದಾರಿಗೆ ತರುವ ಶಕ್ತಿ ಇರಬೇಕು. ರಾತ್ರಿಯಿಡೀ ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ಹಿರಿಯರನ್ನು ನೋಡಿ ಬಂದ ಶಕ್ತಿ ಅದು. ನಾನು ಹುಡುಗನಾಗಿದ್ದಾಗ ಆಟ ನೋಡಲು ಹೋದರೆ ನಿದ್ದೆಗಣ್ಣಿನಲ್ಲೂ ಹಾಸ್ಯಗಾರ ಬಂದ ಕೂಡಲೇ ಎದ್ದು ಕೂರುತ್ತಿದ್ದೆ. ಅವರ ಹಿಂದೆ ಎಷ್ಟು ವರ್ಷಗಳ ಕೋಡಂಗಿ ವೇಷ ಇತ್ತು ಅಂತ ಆಗ ಗೊತ್ತಿರಲಿಲ್ಲ.

ಬೋ ಬರ್ನಮ್‌ಗೆ ಆ ಕೋಡಂಗಿಯ ವರ್ಷಗಳು ಸಿಗಲಿಲ್ಲ. ಕೋಣೆಯಿಂದ ನೇರ ದೊಡ್ಡ ವೇದಿಕೆಗೆ ಹೋದ. ಹೈಸ್ಕೂಲು ಮುಗಿಸಿದ 2008ರಲ್ಲೇ ಕಾಮಿಡಿ ಸೆಂಟ್ರಲ್ ಚಾನೆಲ್ಲಿನ ರೆಕಾರ್ಡ್ ಕಂಪನಿಯಿಂದ ಅವನ ಮೊದಲ ಹಾಡುಗಳು ಬಂದವು. ಆ ಚಾನೆಲ್ ಹಾಸ್ಯಗಾರರಿಗೆ ಅರ್ಧ ಗಂಟೆ ಕೊಡುವ ಒಂದು ಹೆಸರಾಂತ ಕಾರ್ಯಕ್ರಮ ಮಾಡುತ್ತಿತ್ತು. ಎಷ್ಟೋ ಜನ ಹತ್ತು ಹದಿನೈದು ವರ್ಷ ದುಡಿದು ಅಲ್ಲಿಗೆ ತಲುಪುತ್ತಿದ್ದರು. ಇವನು 18ನೇ ವಯಸ್ಸಿಗೆ ತಲುಪಿದ. ಆ ಕಾರ್ಯಕ್ರಮದ ಅತಿ ಚಿಕ್ಕ ಹಾಸ್ಯಗಾರ ಇವನೇ. 2009ರ ಮಾರ್ಚ್‌ನಲ್ಲಿ ಮೊದಲ ಪೂರ್ತಿ ಆಲ್ಬಂ ಬಂತು.

ಹಿಂದೆ ಕೂತವರು ಕೇಳಬಹುದು, ಓದಿನ ಕಥೆ ಏನಾಯಿತು ಅಂತ. ಅವನಿಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ನಾಟಕ ಓದಲು ಸೀಟು ಸಿಕ್ಕಿತ್ತು. ಸೇರುವುದನ್ನು ಮುಂದೂಡಿದ. ಕೊನೆಗೂ ಹೋಗಲಿಲ್ಲ. ಅದು ಸರಿಯೋ ತಪ್ಪೋ ಅಂತ ಇಲ್ಲಿಂದ ತೀರ್ಮಾನ ಹೇಳುವುದು ನನಗೆ ಇಷ್ಟವಿಲ್ಲ. ನಾಟಕ ಶಾಲೆಯಲ್ಲಿ ಮೂರ್ನಾಲ್ಕು ವರ್ಷ ಯಾರ ಕಣ್ಣಿಗೂ ಬೀಳದೆ ತಪ್ಪು ಮಾಡಬಹುದಿತ್ತು. ಅವನು ತಪ್ಪು ಮಾಡಿದ್ದೆಲ್ಲ ಎಲ್ಲರ ಕಣ್ಣೆದುರಿಗೆ. ಮುಂದೆ ನಡೆದದ್ದು ಅರ್ಥವಾಗಬೇಕಾದರೆ ಇದು ನೆನಪಿರಲಿ.

ಅದೇ 2009ರ ಮಾರ್ಚ್‌ನಲ್ಲಿ ಮಿಸೌರಿ ರಾಜ್ಯದ ಫುಲ್ಟನ್ ಎಂಬ ಊರಿನ ವೆಸ್ಟ್‌ಮಿನ್‌ಸ್ಟರ್ ಕಾಲೇಜಿಗೆ ಕಾರ್ಯಕ್ರಮ ಕೊಡಲು ಹೋದ. ಬರ್ನಮ್ ಬಂದಾಗ ಹದಿನೈದು ವಿದ್ಯಾರ್ಥಿಗಳು ಪ್ರತಿಭಟನೆಗೆ ನಿಂತರು. ಗೇ ವಿದ್ಯಾರ್ಥಿಗಳ ಬೆಂಬಲದ ಸಂಘದವರು, ಕಪ್ಪು ವಿದ್ಯಾರ್ಥಿಗಳ ಸಂಘದವರು, ಇನ್ನೂ ಕೆಲವರು. ನಿನ್ನ ಹಾಡುಗಳಲ್ಲಿ ನಮ್ಮನ್ನು ಬೈಯುವ ಶಬ್ದಗಳಿವೆ, ಅದಕ್ಕೆ ಜನ ನಗುತ್ತಿದ್ದಾರೆ ಎಂಬುದು ಅವರ ದೂರು.

ಎರಡೂ ಕಡೆ ಇದ್ದವರು ಹೆಚ್ಚುಕಮ್ಮಿ ಒಂದೇ ವಯಸ್ಸಿನವರು ಅನ್ನುವುದನ್ನು ಗಮನಿಸಿ. ಯಾರೋ ಹಿರಿಯರು ಬಂದು ಹುಡುಗನ ಕಿವಿ ಹಿಂಡಿದ ಪ್ರಸಂಗ ಇದಲ್ಲ. ಬರ್ನಮ್ ಕೊಟ್ಟ ಉತ್ತರ ಹೀಗಿತ್ತು: ನಾನು ಒಳ್ಳೆಯ ಉದ್ದೇಶದಿಂದಲೇ ವಿಡಂಬನೆ ಬರೆಯುತ್ತೇನೆ. ಆದರೆ ಆ ಉದ್ದೇಶ ಅಡಗಿರಬೇಕು. ಪೂರ್ತಿ ಬಿಚ್ಚಿಟ್ಟರೆ ಅದು ಹಾಸ್ಯವಾಗುವುದಿಲ್ಲ.

ಈ ಉತ್ತರದ ಬಗ್ಗೆ ನಾನು ಬಹಳ ಯೋಚನೆ ಮಾಡಿದ್ದೇನೆ. ಅವನು ಹೇಳಿದ್ದರಲ್ಲಿ ಕಸುಬಿನ ಸತ್ಯ ಇದೆ. ‘ನಾನು ಈಗ ಹೇಳುವುದು ತಮಾಷೆಗೆ, ನಿಜವಾಗಿ ನಾನು ಅಂಥವನಲ್ಲ’ ಅಂತ ಪೀಠಿಕೆ ಹಾಕಿ ಯಾರೂ ನಗಿಸಲು ಆಗುವುದಿಲ್ಲ. ಹುಂಬನ ಪಾತ್ರ ಹಾಕಿದವನು ಪೂರ್ತಿ ಹುಂಬನಾಗಬೇಕು. ಆಗಲೇ ಹುಂಬತನ ಕಾಣುತ್ತದೆ. ಆದರೆ ವಿದ್ಯಾರ್ಥಿಗಳ ಮಾತಿನಲ್ಲಿ ಇನ್ನೂ ಜಾಸ್ತಿ ಸತ್ಯ ಇತ್ತು ಅಂತ ನನ್ನ ಅನಿಸಿಕೆ. ಮುಂದೆ ಇಪ್ಪತ್ತು ಜನ ಇದ್ದಾಗ ಅವರು ಯಾವುದಕ್ಕೆ ನಗುತ್ತಿದ್ದಾರೆ ಅಂತ ಹಾಸ್ಯಗಾರನಿಗೆ ಮುಖದಲ್ಲೇ ಗೊತ್ತಾಗುತ್ತದೆ. ಪೂರ್ವಗ್ರಹವನ್ನು ಕಂಡು ನಗುತ್ತಿದ್ದಾರೋ, ಬೈಗುಳ ಕೇಳಿ ಖುಷಿಪಡುತ್ತಿದ್ದಾರೋ ಅಂತ ತಿಳಿಯುತ್ತದೆ. ಕೋಣೆಯಲ್ಲಿ ಕೂತು ಕ್ಯಾಮೆರಾಗೆ ಹಾಡಿದವನಿಗೆ ಅದು ತಿಳಿಯುವುದಿಲ್ಲ. ಲಕ್ಷ ಜನ ನೋಡಿದರು ಅನ್ನುವ ಲೆಕ್ಕ ಮಾತ್ರ ಬರುತ್ತದೆ. ಅವರಲ್ಲಿ ಎಷ್ಟು ಜನ ತಪ್ಪು ಕಾರಣಕ್ಕೆ ನಕ್ಕರು ಎಂಬ ಲೆಕ್ಕ ಬರುವುದಿಲ್ಲ. ಕೋಡಂಗಿಯ ವರ್ಷಗಳು ಕಲಿಸುವುದು ಇದನ್ನೇ. ಅವನಿಗೆ ಆ ಪಾಠ ಸಿಕ್ಕಿದ್ದು ಫುಲ್ಟನ್‌ನಲ್ಲಿ, ಹದಿನೈದು ಹುಡುಗ ಹುಡುಗಿಯರಿಂದ. ಅವರು ಅವನನ್ನು ‘ಪಾಪ, ಚಿಕ್ಕವನು’ ಅಂತ ಬಿಟ್ಟುಬಿಡಲಿಲ್ಲ. ಅವನ ಮಾತಿಗೆ ತೂಕ ಇದೆ ಅಂತ ನಂಬಿದ್ದರಿಂದಲೇ ಪ್ರಶ್ನೆ ಕೇಳಿದರು.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ಎಡ್ಡಿ ಮರ್ಫಿ. ಸಿನಿಮಾಗಳಿಂದ ನಿಮಗೆ ಗೊತ್ತಿರುವವರು. ಅವರೂ 15ನೇ ವಯಸ್ಸಿಗೆ ಒಂದು ಯುವಕೇಂದ್ರದಲ್ಲಿ ಗಾಯಕ ಆಲ್ ಗ್ರೀನ್ ಅವರ ಅನುಕರಣೆ ಮಾಡಿ ಶುರುಮಾಡಿದವರು. 1980ರಲ್ಲಿ, 19ನೇ ವಯಸ್ಸಿಗೆ, ದೇಶವೇ ನೋಡುವ ಟಿವಿ ಹಾಸ್ಯ ಕಾರ್ಯಕ್ರಮಕ್ಕೆ ಸೇರಿದರು. 1983ರಲ್ಲಿ ಅವರು ಕೊಟ್ಟ ಪ್ರಸಿದ್ಧ ಕಾರ್ಯಕ್ರಮದಲ್ಲಿ ಗೇ ಜನರ ಬಗ್ಗೆ, ಏಡ್ಸ್ ಬಗ್ಗೆ ಜೋಕುಗಳಿದ್ದವು. ಏಡ್ಸ್‌ನಿಂದ ಜನ ಸಾಯುತ್ತಿದ್ದ ಕಾಲ ಅದು. ಮರ್ಫಿ ಅದಕ್ಕೆ ಕ್ಷಮೆ ಕೇಳಿದ್ದು 1996ರಲ್ಲಿ. ಹದಿಮೂರು ವರ್ಷ ಬೇಕಾಯಿತು. ಚಿಕ್ಕ ವಯಸ್ಸಿನಲ್ಲಿ ಎತ್ತರಕ್ಕೆ ಹೋದವರಿಗೆ ಕೆಳಗಿನ ದನಿ ಬೇಗ ಕೇಳಿಸುವುದಿಲ್ಲ. ಬರ್ನಮ್‌ಗೆ ಸ್ವಲ್ಪ ಬೇಗ ಕೇಳಿಸಿತು. ಅದನ್ನೇ ಈಗ ಹೇಳುತ್ತೇನೆ.

2010ರ ಆಗಸ್ಟ್. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರ. ಅಲ್ಲಿ ಪ್ರತಿ ವರ್ಷ ಆಗಸ್ಟ್‌ನಲ್ಲಿ ಫ್ರಿಂಜ್ ಎಂಬ ಉತ್ಸವ ನಡೆಯುತ್ತದೆ. ನಾಟಕದ ಮಕ್ಕಳು ನೀವು, ಇದರ ಹುಟ್ಟಿನ ಕಥೆ ಕೇಳಬೇಕು. 1947ರಲ್ಲಿ, ಯುದ್ಧ ಮುಗಿದ ಮೇಲೆ, ಆ ಊರಿನಲ್ಲಿ ದೊಡ್ಡ ಕಲಾ ಉತ್ಸವ ಶುರುವಾಯಿತು. ಎಂಟು ನಾಟಕ ತಂಡಗಳಿಗೆ ಕರೆ ಬಂದಿರಲಿಲ್ಲ. ಆದರೂ ಬಂದವು. ಉತ್ಸವದ ಅಂಚಿನಲ್ಲಿ ತಾವೇ ಜಾಗ ಹುಡುಕಿ ನಾಟಕ ಆಡಿದವು. ಆ ಅಂಚೇ ಮುಂದೆ ಮೂಲ ಉತ್ಸವಕ್ಕಿಂತ ದೊಡ್ಡದಾಗಿ ಬೆಳೆಯಿತು. ಚರ್ಚು, ಪಬ್ಬು, ನೆಲಮಾಳಿಗೆ, ಎಲ್ಲ ಕಡೆ ಆಟ. ಹಾಸ್ಯಗಾರರಿಗೆ ಅದು ದೊಡ್ಡ ಪರೀಕ್ಷೆ. ಅಮೆರಿಕದ ಕ್ಲಬ್ಬುಗಳಲ್ಲಿ ಹತ್ತು ಹದಿನೈದು ನಿಮಿಷದ ಸೆಟ್ ಕಟ್ಟುತ್ತಾರೆ. ಎಡಿನ್‌ಬರೋದಲ್ಲಿ ಪೂರ್ತಿ ಒಂದು ಗಂಟೆ. ಸುಮಾರು ಒಂದು ತಿಂಗಳು, ದಿನಾ. ಮತ್ತೆ ದಿನಾ ವಿಮರ್ಶಕರು ಬಂದು ಕೂರುತ್ತಾರೆ. ನಕ್ಷತ್ರ ಹಾಕಿ ಪತ್ರಿಕೆಯಲ್ಲಿ ಬರೆಯುತ್ತಾರೆ.

ಯೂಟ್ಯೂಬ್ ಹುಡುಗ ಒಂದು ಗಂಟೆ ನಿಲ್ಲುತ್ತಾನಾ? ಅನುಮಾನ ಬರುವುದು ಸಹಜ. ಅವನು ತಂದ ಕಾರ್ಯಕ್ರಮಕ್ಕೆ ಶೇಕ್ಸ್‌ಪಿಯರ್‌ನಿಂದ ಹೆಸರು ತೆಗೆದುಕೊಂಡಿದ್ದ. ನಾಟಕದಲ್ಲಿ ರಾಜಕುಮಾರ ಹ್ಯಾಮ್ಲೆಟ್ ಒಂದು ಪುಸ್ತಕ ಓದುತ್ತಿರುತ್ತಾನೆ. ಮಂತ್ರಿ ಪೊಲೋನಿಯಸ್ ಬಂದು ಏನು ಓದುತ್ತಿದ್ದೀರಿ ಅಂತ ಕೇಳುತ್ತಾನೆ. ಹ್ಯಾಮ್ಲೆಟ್ ‘ಶಬ್ದ, ಶಬ್ದ, ಶಬ್ದ’ ಅನ್ನುತ್ತಾನೆ. ಕಾರ್ಯಕ್ರಮದ ಹೆಸರು ಅದೇ. ಶಬ್ದದ ಆಟವೇ ಬಂಡವಾಳವಾದ ಹುಡುಗ, ಆ ಆಟ ಪೊಳ್ಳೇ ಅಂತ ತನ್ನನ್ನೇ ಕೇಳಿಕೊಂಡ ಹಾಗೆ ನನಗೆ ಕಾಣುತ್ತದೆ.

ಆಗಸ್ಟ್ 21ಕ್ಕೆ, ಉತ್ಸವ ನಡೆಯುವಾಗಲೇ, ಅವನಿಗೆ 20 ತುಂಬಿತು. ಅಲ್ಲಿನ ದೊಡ್ಡ ಹಾಸ್ಯ ಪ್ರಶಸ್ತಿಗೆ ಅವನ ಹೆಸರು ಅಂತಿಮ ಪಟ್ಟಿಯಲ್ಲಿ ಬಂತು. 1981ರಿಂದ ಕೊಡುತ್ತಾ ಬಂದಿರುವ ಪ್ರಶಸ್ತಿ ಅದು. ಮುಖ್ಯ ಪ್ರಶಸ್ತಿ ರಸೆಲ್ ಕೇನ್ ಎಂಬ ಇಂಗ್ಲಿಷ್ ಹಾಸ್ಯಗಾರರಿಗೆ ಹೋಯಿತು. ಆದರೆ ತೀರ್ಪುಗಾರರು ತಮ್ಮ ವಿಶೇಷ ಬಹುಮಾನವನ್ನು ಬರ್ನಮ್‌ಗೆ ಕೊಟ್ಟರು. 5,000 ಪೌಂಡ್. ಅದೇ ಉತ್ಸವದಲ್ಲಿ ಹಾಸ್ಯಗಾರ ಮಾಲ್ಕಮ್ ಹಾರ್ಡಿ ಹೆಸರಿನ ಇನ್ನೊಂದು ಬಹುಮಾನವೂ ಬಂತು. ಅದು ‘ಹತ್ತು ಲಕ್ಷ ಪೌಂಡ್ ದುಡಿಯುವ ಸಾಧ್ಯತೆ ಅತಿ ಹೆಚ್ಚು ಇರುವವರು’ ಅಂತ ಕೊಟ್ಟ ಬಹುಮಾನ.

ಈ ಎರಡು ಬಹುಮಾನಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದು ಅವನ ಕೆಲಸವನ್ನು ಗುರುತಿಸಿತು. ಇನ್ನೊಂದು ಅವನು ಮಾರಾಟವಾಗುತ್ತಾನೆ ಅಂತ ಹೇಳಿತು. ಇಪ್ಪತ್ತರ ಹುಡುಗನ ಮೇಲೆ ಒಂದೇ ವಾರದಲ್ಲಿ ಎರಡೂ ಬಿದ್ದವು. ಯಾವುದನ್ನು ನಂಬಬೇಕು?

ಆ ಕಾಲದಲ್ಲಿ ಅಮೆರಿಕದ ಟಿವಿಯಲ್ಲಿ ಹಾಸ್ಯಗಾರರು ಸುತ್ತ ಕೂತು ಹರಟುವ ಒಂದು ಕಾರ್ಯಕ್ರಮ ಬರುತ್ತಿತ್ತು. ಒಂದು ಕಂತಿನಲ್ಲಿ ಗ್ಯಾರಿ ಶ್ಯಾಂಡ್ಲಿಂಗ್, ರೇ ರೊಮಾನೊ, ಮಾರ್ಕ್ ಮ್ಯಾರನ್, ಜಡ್ ಆಪಟೊ ಅಂಥ ಘಟಾನುಘಟಿಗಳ ಮಧ್ಯೆ ಈ ಹುಡುಗನನ್ನು ಕೂರಿಸಿದ್ದರು. ಎಲ್ಲರೂ ಇಪ್ಪತ್ತು ಮೂವತ್ತು ವರ್ಷ ಹಾಸ್ಯದ ಕಸುಬಿನಲ್ಲಿ ಬೆವರು ಸುರಿಸಿದವರು. ಅವರ ನಡುವೆ ಅವನನ್ನು ನೋಡಿದರೆ ನಮ್ಮ ಚೌಕಿಯ ನೆನಪಾಗುತ್ತದೆ. ಹಿರಿಯ ವೇಷಧಾರಿಗಳ ನಡುವೆ ಬಣ್ಣದ ಪೆಟ್ಟಿಗೆ ಹಿಡಿದು ಕೂತ ಹೊಸ ಹುಡುಗ. ವ್ಯತ್ಯಾಸ ಇಷ್ಟೇ, ಈ ಹುಡುಗ ಕಿರೀಟ ಕಟ್ಟಿಕೊಂಡೇ ಒಳಗೆ ಬಂದಿದ್ದ.

ಈಗ ನನಗೆ ಬಹಳ ಮುಖ್ಯ ಅನಿಸುವ ಜಾಗಕ್ಕೆ ಬರುತ್ತೇನೆ. 2010ರ ಆ ಕಾರ್ಯಕ್ರಮದ ಹಾಡುಗಳಲ್ಲಿ ಕಲೆ ಸತ್ತುಹೋಯಿತು ಎಂಬ ಅರ್ಥದ ಒಂದು ಹಾಡಿದೆ. ಅದರಲ್ಲಿ ಶ್ಲೇಷೆಯ ಸುರಿಮಳೆ ಇಲ್ಲ. ವೇಗ ಇಲ್ಲ. ಕೀಬೋರ್ಡ್ ಮುಂದೆ ಕೂತು ತನ್ನ ಬಗ್ಗೆ ತಾನೇ ಹೇಳುತ್ತಾನೆ. ಹಟ ಮಾಡಿ ಎಲ್ಲರೂ ತನ್ನನ್ನೇ ನೋಡಲಿ ಅನ್ನುವ ಮಗುವಿನ ಮಾತು ಅಲ್ಲಿದೆ. ಬೇರೆ ಮಕ್ಕಳು ಆ ಹಟ ಬಿಟ್ಟು ದೊಡ್ಡವರಾಗುತ್ತಾರೆ, ನಮ್ಮಂಥವರಿಗೆ ಅದೇ ಹಟಕ್ಕೆ ದುಡ್ಡು ಕೊಡುತ್ತಾರೆ ಎಂಬ ಅಳುಕಿದೆ. ಇಷ್ಟೆಲ್ಲ ಜನ ನನ್ನನ್ನು ನೋಡಲು ನಾನು ಯೋಗ್ಯನಾ ಎಂಬ ಪ್ರಶ್ನೆ ಇದೆ. ಈ ದುಡ್ಡು ನಿಜವಾಗಿ ಸೇರಬೇಕಾದ ಬಡವರಿಗೆ ಸೇರುತ್ತಿಲ್ಲ ಎಂಬ ನೋವಿದೆ.

ಯಾವ ವಿಮರ್ಶಕನೂ ಅವನ ಬಗ್ಗೆ ಇಷ್ಟು ಕಠಿಣವಾಗಿ ಬರೆದದ್ದನ್ನು ನಾನು ಓದಿಲ್ಲ. ಹತ್ತೊಂಬತ್ತು ಇಪ್ಪತ್ತರ ಹುಡುಗ ಸಾವಿರ ಜನರ ಚಪ್ಪಾಳೆಯ ಮಧ್ಯೆ ಹೀಗೆ ಕೇಳಿಕೊಂಡ. ಮೊದಲ ಸಲ ಈ ಹಾಡು ಕೇಳಿದಾಗ ನನಗೆ ನಗು ಬರಲಿಲ್ಲ. ಗಂಟಲು ಕಟ್ಟಿತು. ನಮ್ಮ ಶಿಬಿರದ ಎಷ್ಟೋ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಪಾರ್ಟು ಮುಗಿಸಿ ಪರದೆಯ ಹಿಂದೆ ಬಂದು, ‘ಸರ್, ಚೆನ್ನಾಗಿತ್ತಾ?’ ಅಂತ ಕೇಳುವಾಗಿನ ಮುಖ. ಆ ಪ್ರಶ್ನೆಗೆ ಸುಮ್ನೆ ‘ಸೂಪರ್’ ಅಂದುಬಿಡುತ್ತೇವೆ. ಮಗು ಕೇಳಿದ್ದು ಅದನ್ನಲ್ಲ. ನೀವು ನಿಜವಾಗಿ ನೋಡಿದಿರಾ ಅಂತ ಕೇಳಿದ್ದು.

ಮುಂದಿನದನ್ನು ಬೇಗ ಹೇಳುತ್ತೇನೆ. 2013ರ ಹೊತ್ತಿಗೆ ಅವನಿಗೆ ವೇದಿಕೆಯ ಮೇಲೇ ಪ್ಯಾನಿಕ್ ಅಟ್ಯಾಕ್ ಬರಲು ಶುರುವಾಯಿತು. ಎದೆ ಬಡಿತ ಏರುವುದು, ಉಸಿರು ಸಿಗದ ಹಾಗಾಗುವುದು, ಈಗಲೇ ಸತ್ತುಹೋಗುತ್ತೇನೆ ಎಂಬ ಭಯ. ಹಾಗೇ ಎರಡು ಮೂರು ವರ್ಷ ಕಾರ್ಯಕ್ರಮ ಕೊಟ್ಟ. 2016ರಲ್ಲಿ ವೇದಿಕೆ ಬಿಟ್ಟ. ಆಗ ಅವನಿಗೆ 25. ಅದು ಚಿಕ್ಕ ವಯಸ್ಸಿನ ಯಶಸ್ಸಿನಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಅಂಥ ತೊಂದರೆಗೆ ನೂರು ಕಾರಣ ಇರುತ್ತವೆ. ಆದರೆ ನಿಲ್ಲಿಸಬಹುದು ಅಂತ ಗೊತ್ತಾಗಲು ಅವನಿಗೆ ಮೂರು ವರ್ಷ ಬೇಕಾಯಿತು. ಅಪ್ಪ ಅಮ್ಮಂದಿರೇ, ದಯವಿಟ್ಟು ಇದನ್ನು ನೆನಪಿಡಿ. ಮಗು ‘ನಾನು ಈ ವಾರ ವೇದಿಕೆ ಹತ್ತುವುದಿಲ್ಲ’ ಅಂದರೆ ಬಲವಂತ ಮಾಡಬೇಡಿ. ಕರೆದವರಿಗೆ ನೀವೇ ಫೋನ್ ಮಾಡಿ ಬರಲಾಗುವುದಿಲ್ಲ ಅಂತ ಹೇಳಿ.

2018ರಲ್ಲಿ ಅವನು ಒಂದು ಸಿನಿಮಾ ಬರೆದು ನಿರ್ದೇಶಿಸಿದ. ಕಥೆ ಹದಿಮೂರು ವರ್ಷದ ಹುಡುಗಿಯದು. ಅವಳೂ ತನ್ನ ಕೋಣೆಯಲ್ಲಿ ಕೂತು ವಿಡಿಯೋ ಮಾಡಿ ಹಾಕುತ್ತಾಳೆ. ಆದರೆ ಅವಳ ವಿಡಿಯೋ ಯಾರೂ ನೋಡುವುದಿಲ್ಲ. ಈ ಆಯ್ಕೆ ನನಗೆ ತುಂಬಾ ಇಷ್ಟವಾಯಿತು. ಕೋಟಿ ಜನ ನೋಡಿದ ತನ್ನ ಕಥೆ ಹೇಳಬಹುದಿತ್ತು. ಅವನು ಯಾರೂ ನೋಡದ ಹುಡುಗಿಯ ಕಡೆ ತಿರುಗಿದ. ಆ ಚಿತ್ರಕಥೆಗೆ ಅಮೆರಿಕದ ಬರಹಗಾರರ ಸಂಘದ ಪ್ರಶಸ್ತಿ ಬಂತು.

2020ರಲ್ಲಿ ಮತ್ತೆ ವೇದಿಕೆಗೆ ಹೋಗುವ ಧೈರ್ಯ ಬರುತ್ತಿತ್ತು. ಅಷ್ಟರಲ್ಲಿ ಕೊರೋನಾ ಬಂತು. ಲೋಕವೆಲ್ಲ ಬಾಗಿಲು ಹಾಕಿಕೊಂಡಿತು. ಅವನು ಮತ್ತೆ ಒಂದು ಕೋಣೆ ಸೇರಿದ. ಕ್ಯಾಮೆರಾ, ಕೀಬೋರ್ಡ್, ಒಬ್ಬನೇ. ಬರೆದದ್ದು, ಹಾಡಿದ್ದು, ಲೈಟು ಹಿಡಿದದ್ದು, ಎಡಿಟ್ ಮಾಡಿದ್ದು ಎಲ್ಲ ಅವನೇ. ಆ ಕೋಣೆಯಲ್ಲೇ ಅವನಿಗೆ 30 ತುಂಬಿತು. 2021ರ ಮೇ ತಿಂಗಳಲ್ಲಿ ಆ ಕಾರ್ಯಕ್ರಮ ನೆಟ್‌ಫ್ಲಿಕ್ಸ್‌ನಲ್ಲಿ ಬಂತು. ಅಮೆರಿಕದ ಟಿವಿ ಲೋಕದ ದೊಡ್ಡ ಪ್ರಶಸ್ತಿ ಎಮ್ಮಿ ಮೂರು ಸಿಕ್ಕಿತು. ಅದರಲ್ಲಿ ಒಂದು ಪುಟ್ಟ ಹಾಡಿದೆ. ಚಿಕ್ಕವನಾಗಿದ್ದಾಗ ಕೋಣೆಯಲ್ಲಿ ಸಿಕ್ಕಿಕೊಂಡು ತಮಾಷೆ ಮಾಡಲು ನೋಡುತ್ತಿದ್ದವನು ಮತ್ತೆ ಅಲ್ಲೇ ಬಂದು ಕೂತಿದ್ದಾನೆ ಅನ್ನುತ್ತದೆ ಅದು.

ಅದರಲ್ಲೇ ಇನ್ನೊಂದು ಹಾಡಿನಲ್ಲಿ ಹಳೆಯ ತಪ್ಪುಗಳನ್ನು ಎತ್ತಿಕೊಳ್ಳುತ್ತಾನೆ. 17ನೇ ವಯಸ್ಸಿನಲ್ಲಿ ಹ್ಯಾಲೋವೀನ್ ಹಬ್ಬಕ್ಕೆ ತಾನು ಅಲ್ಲಾದೀನ್ ವೇಷ ಹಾಕಿದ್ದನ್ನೂ ಹೇಳುತ್ತಾನೆ. ಬೇರೆ ಜನಾಂಗದವರ ವೇಷವನ್ನು ಮೋಜಿಗೆ ಹಾಕುವುದು ಅವರಿಗೆ ನೋವು ಮಾಡುತ್ತದೆ ಅಂತ ಆಗ ತನಗೆ ತಿಳಿದಿರಲಿಲ್ಲ, ಈಗ ತಿಳಿದಿದೆ ಎಂಬ ಧಾಟಿ. ಅಲ್ಲೂ ತನ್ನನ್ನು ಸುಮ್ಮನೆ ಬಿಡುವುದಿಲ್ಲ. ಹೀಗೆ ತಪ್ಪೊಪ್ಪಿಕೊಳ್ಳುವುದೂ ಜನರ ಗಮನ ಸೆಳೆಯುವ ಇನ್ನೊಂದು ದಾರಿಯೇ ಎಂಬ ಅನುಮಾನವನ್ನೂ ಹಾಡಿನಲ್ಲೇ ತೋರಿಸುತ್ತಾನೆ. ಫುಲ್ಟನ್ ಕಾಲೇಜಿನ ಆ ಹದಿನೈದು ಜನರಿಗೆ ಕೊಟ್ಟ ಎರಡನೆಯ ಉತ್ತರದ ಹಾಗೆ ನಾನು ಅದನ್ನು ಕೇಳಿಸಿಕೊಂಡೆ. ಹನ್ನೆರಡು ವರ್ಷ ಆಗಿತ್ತು. ಮೊದಲ ಉತ್ತರಕ್ಕಿಂತ ಇದು ಎಷ್ಟೋ ಒಳ್ಳೆಯದು.

ಅವನು ತನ್ನ ಹಳೆಯ ಕೆಲಸದ ಬಗ್ಗೆ ನಾಚಿಕೆಪಡುತ್ತಾನೆ ಅಂತ ಸಂದರ್ಶನಗಳಲ್ಲಿ ಹೇಳಿದ್ದಾನೆ. ಹದಿನಾರರಲ್ಲಿ ನೀವು ಬರೆದ ಪದ್ಯ ನಿಮ್ಮ ಟ್ರಂಕಿನ ತಳದಲ್ಲಿರುತ್ತದೆ. ಅವನದು ಜಗತ್ತಿನ ಮುಂದಿದೆ. ನಮ್ಮ ಮಕ್ಕಳದ್ದೂ ಈಗ ಹಾಗೇ ಇರುತ್ತದೆ. ವಿಡಿಯೋ ಹಿಡಿಯುವ ಮೊದಲು, ಹಂಚುವ ಮೊದಲು, ಆ ಮಗುವನ್ನು ಒಂದು ಮಾತು ಕೇಳಿ. ನಮ್ಮ ಶಿಬಿರದಲ್ಲಿ ಈ ವರ್ಷದಿಂದ ಅದನ್ನು ನಿಯಮ ಮಾಡಿದ್ದೇವೆ. ಇವತ್ತು ಬಾಗಿಲಲ್ಲಿ ನಿಮ್ಮ ಮೊಬೈಲುಗಳನ್ನು ಚೀಲಕ್ಕೆ ಹಾಕಿಸಿದ್ದು ಅದಕ್ಕೇ.

ಕೊನೆಗೆ, ಹೋದ ವರ್ಷದ ಆ ಹುಡುಗ. ಹೋದ ಭಾನುವಾರ ಅವನ ಮನೆಗೆ ಹೋಗಿದ್ದೆ. ಹೊರಗಿನ ಜಗಲಿಯಲ್ಲಿ ಕೂತೆವು. ಒಂದು ವರ್ಷ ತಡವಾಗಿ, ಆ ಏಳು ನಿಮಿಷದ ಬಗ್ಗೆ ನನಗೆ ಅನಿಸಿದ್ದನ್ನೆಲ್ಲ ಹೇಳಿದೆ. ಮದುವೆ ಮನೆ ಭಾಗ ಉದ್ದವಾಯಿತು, ಎರಡನೇ ಸಲ ಸಾರು ಬಡಿಸುವಲ್ಲೇ ನಿಲ್ಲಿಸಬಹುದಿತ್ತು ಅಂದೆ. ಬಸ್ಸಿನ ಭಾಗದಲ್ಲಿ ತೊದಲುವ ಪ್ರಯಾಣಿಕನನ್ನು ತಂದಿದ್ದ. ಅಲ್ಲಿ ಜನ ಜೋರಾಗಿ ನಕ್ಕರು, ಆದರೆ ಆ ನಗು ನನಗೆ ಚುಚ್ಚಿತು ಅಂದೆ. ಅವನ ಮುಖ ಬಾಡಿತು. ನಾನು ಮಾತು ನಿಲ್ಲಿಸಲಿಲ್ಲ. ಅಜ್ಜಿಯ ಭಾಗದಲ್ಲಿ, ಫೋನ್ ಇಟ್ಟ ಮೇಲೂ ಅಜ್ಜಿ ಆ ಫೋನನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂರುತ್ತಾರಲ್ಲ, ಅದನ್ನು ನೀನು ಎಲ್ಲಿಂದ ತಂದೆ ಅಂತ ಕೇಳಿದೆ. ಆಗ ಯಾರೂ ನಗಲಿಲ್ಲ, ಆದರೆ ಸಭೆ ಪೂರ್ತಿ ಸುಮ್ಮನಾಗಿತ್ತು, ನೀನು ಗಮನಿಸಿದೆಯಾ ಅಂತ ಕೇಳಿದೆ.

ಅವನು ತುಂಬಾ ಹೊತ್ತು ಕಾಲಿನ ಹೆಬ್ಬೆರಳು ನೋಡುತ್ತಾ ಕೂತಿದ್ದ. ಆಮೇಲೆ, ‘ಸರ್, ಅಜ್ಜಿದು ಇನ್ನೂ ಸ್ವಲ್ಪ ಇದೆ. ಅವತ್ತು ಮಾಡಲಿಲ್ಲ. ಈಗ ಮಾಡಲಾ?’ ಅಂದ.

ಒಳಗಿನಿಂದ ಅಜ್ಜಿ, ‘ಏನೋ ಅದು ನಂದು?’ ಅಂತ ಕೇಳುತ್ತಾ ಬಾಗಿಲಿಗೆ ಬಂದರು. ಅವನು ಎದ್ದು ನಿಂತು ಅವರಿಗೆ ಕುರ್ಚಿ ಹಾಕಿದ.